ಅವ್ವ ಕಿತ್ತ ಗರಿಕೆ

ನಮ್ಮ ವಂಶದಲ್ಲಿ ಗರಿಕೆಯನ್ನು ಬೇಕೆಂದೇ ನೆಟ್ಟ ಮೊದಲ ಮನುಷ್ಯ ನಾನು ಎಂದು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ. ಕಂಪಲಾಪುರದ ನಮ್ಮ ಹೊಲದಲ್ಲಿ ಅಜ್ಜ, ಅಪ್ಪ, ಅವ್ವ ಮೂವರೂ ಗರಿಕೆ ಕಿತ್ತೇ ಸವೆದವರು. ಗಣಪನ ಹಬ್ಬದ ದಿನ ಒಂದು ಹಿಡಿಗೆ ಮಾತ್ರ ಮರ್ಯಾದೆ. ಮಾರನೆಯ ದಿನದಿಂದ ಮತ್ತೆ ಗುದ್ದಲಿ. ಜೀವಶಾಸ್ತ್ರದ ಮೇಷ್ಟ್ರಾದ ನಾನೋ, ಹುಣಸೂರಿನಲ್ಲಿ ಮನೆ ಕಟ್ಟಿಸಿ, ಮುಂದಿನ ನಾಲ್ಕು ಮಾರು ಜಾಗದಲ್ಲಿ ಅದೇ ಗರಿಕೆಯನ್ನು ಸಾಲಾಗಿ ನೆಟ್ಟು ‘ಲಾನ್’ ಎಂದು ಹೆಸರಿಟ್ಟೆ. ಬಿಸಿಲು ಏರಿದಷ್ಟೂ ಹಬ್ಬುವ ಜಾತಿ ಅದು. ಏಪ್ರಿಲ್ ಕಳೆಯುವಷ್ಟರಲ್ಲಿ ಅಂಗಳ ಹಸಿರಾಯಿತು. ಸಂಜೆ ಚಪ್ಪಲಿ ಬಿಟ್ಟು ಅದರ ಮೇಲೆ ಓಡಾಡುತ್ತಿದ್ದೆ. ಯಾರಾದರೂ ನೋಡಲಿ ಎಂದು ಗೇಟನ್ನೂ ತೆರೆದಿಡುತ್ತಿದ್ದೆ.

ಮೇ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಹೊಲವನ್ನು ಪಾಲಿಗೆ ಕೊಟ್ಟು ಅವ್ವನನ್ನು ಹುಣಸೂರಿಗೆ ಕರೆತಂದೆ. ಅವ್ವ ಜಗಲಿಯ ಮೇಲೆ ಕೂತರೆ ಕೂತಳು. ಊಟ ಎರಡು ತುತ್ತು, ಮಾತು ಅದಕ್ಕಿಂತ ಕಡಿಮೆ. ದಿನೇದಿನೇ ಇಳಿದುಹೋಗುತ್ತಿದ್ದಳು. ಅವಳೂ ಉಳಿಯುವುದಿಲ್ಲವೇನೋ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು; ನನಗೂ ಊಟ ಸೇರುತ್ತಿರಲಿಲ್ಲ.

ಒಂದು ಸಂಜೆ ಶಾಲೆಯಿಂದ ಬಂದು ನೋಡುತ್ತೇನೆ, ಅರ್ಧ ಲಾನೇ ಇಲ್ಲ! ಕಿತ್ತ ಗರಿಕೆ ಗೇಟಿನ ಬಳಿ ಗುಡ್ಡೆಯಾಗಿದೆ. ಅವ್ವ ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಾಳೆ.

“ಏನ್ಲಾ ಮಗ, ಮನೆ ಮುಂದ್ಲೇ ಇಷ್ಟೊಂದು ಕಳೆ ಬೆಳೆಯಾಕೆ ಬುಟ್ಟಿದ್ದೀಯಲ್ಲಾ, ನೋಡ್ದೋರು ಏನಂದಾರು?”

ಬಾಯಿಗೆ ಬಂದದ್ದನ್ನು ನುಂಗಿಕೊಂಡು, “ಪುರುಸೊತ್ತಾಗ್ನಿಲ್ಲ ಕಣವ್ವ” ಎಂದೆ. ಆವತ್ತು ಅವ್ವ ಒಂದು ಮುದ್ದೆ ಪೂರ್ತಿ ಉಂಡಳು.

ಮರುದಿನದಿಂದ ನನ್ನ ಕಳ್ಳ ಬೇಸಾಯ ಶುರುವಾಯಿತು. ಅವ್ವ ಸ್ನಾನಕ್ಕೆ ಹೋದಾಗ ಕಿತ್ತ ಕಡೆ ನಾಲ್ಕು ಬೇರು ಹೂಳುವುದು, ಗೊಬ್ಬರ ಉದುರಿಸುವುದು, ಮಳೆ ಕೈಕೊಟ್ಟ ದಿನ ನೀರು ಹೊಯ್ಯುವುದು. ಹದಿನೈದು ದಿನಕ್ಕೆ ಗರಿಕೆ ಹಾಜರು, ಅವ್ವನಿಗೆ ಮತ್ತೆ ಕೆಲಸ. ಲಾನ್ ಹೋದರೂ ತಾಯಿಯನ್ನು ಉಳಿಸಿಕೊಂಡ ಜಾಣ ಮಗ ಎಂದು ಒಳಗೊಳಗೇ ಬೀಗುತ್ತಿದ್ದೆ.

ಮೊನ್ನೆ ಪಕ್ಕದ ಮನೆಯ ಸಾಕಮ್ಮ ಕಾಂಪೌಂಡಿನ ಆಚೆಯಿಂದ ಅವ್ವನನ್ನು ಕೇಳಿದಳು: “ಅಲ್ಲ ಕಣತ್ತೆ, ನಿಮ್ಮಂತೋರು ಕಿತ್ರೂ ಈ ಗರಿಕೆ ಎಂಗೆ ಚಿಗರ್ತದೆ?”

ಬಾಗಿಲ ಹಿಂದೆ ನಿಂತಿದ್ದ ನನಗೆ ನಗು ತಡೆಯುವುದೇ ಕಷ್ಟವಾಯಿತು. ಅವ್ವ ದನಿ ತಗ್ಗಿಸಿದಳು.

“ಬೇರು ಬುಟ್ಟೇ ಕೀಳ್ತೀನಿ ಕಣವ್ವ. ಮೊದಲ್ನೇ ದಿನ ಬೇರು ಸಮೇತ ಕಿತ್ತಾಗ ನನ್ ಮಗನ ಮೊಕ ನೋಡಾಕಾಗ್ನಿಲ್ಲ.”

“ಅಂಗಿದ್ರೆ ಕೀಳೋದ್ಯಾಕತ್ತೆ?”

“ನಾನು ಸುಮ್ಕೆ ಕೂತ್ರೆ ಅವ್ನು ಉಣ್ಣೋದ್ನೇ ಬುಡ್ತಾನೆ.”

ಬೇರಿನ ಪಾಠವನ್ನು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಟ್ಟವನು ನಾನು. ಸದ್ದಿಲ್ಲದೆ ಅಡುಗೆಮನೆಗೆ ಹೋಗಿ, ಹಸಿವಿಲ್ಲದಿದ್ದರೂ ತಟ್ಟೆ ಹಾಕಿಕೊಂಡು ಕೂತೆ.