ಹಲ್ಲಿನ ಸಂದಿಯ ಸಂಸಾರ

ಯಶೋದೆಗೆ ಕೃಷ್ಣನ ಬಾಯಲ್ಲಿ ಬ್ರಹ್ಮಾಂಡ ಕಂಡಿದ್ದು ಯಾವತ್ತೋ ಒಂದು ದಿನ. ಆದೋನಿಯಲ್ಲಿ ಹಲ್ಲಿನ ಡಾಕ್ಟರಾಗಿರುವ ನನಗೆ ಅದು ದಿನಾ ಕಾಣುತ್ತದೆ. ಒಣಮೆಣಸಿನಕಾಯಿ ಸಿಪ್ಪೆ, ಶೇಂಗಾ ಹೊಟ್ಟು, ಅಡಿಕೆ ಚೂರು, ನಿನ್ನೆಯ ಮದುವೆ ಊಟದ ಕೊಬ್ಬರಿ, ಎಲ್ಲವೂ ಹಲ್ಲಿನ ಸಂದಿಯಲ್ಲಿ ಬಾಡಿಗೆಯಿಲ್ಲದೆ ಸಂಸಾರ ಹೂಡಿರುತ್ತವೆ. ಅವನ್ನು ಎಬ್ಬಿಸುವುದು ಕಷ್ಟವಲ್ಲ. ದಿನಾ ರಾತ್ರಿ ನೀವೇ ಎಬ್ಬಿಸಿಕೊಳ್ಳಿ ಎಂದು ಜನರಿಗೆ ಹೇಳುವುದೇ ಕಷ್ಟ. ಹೇಳಿದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ.

ದೀಪದ ಬುಡದಲ್ಲಿ ಕತ್ತಲು ಎನ್ನುವುದು ನನ್ನ ಮಟ್ಟಿಗಂತೂ ನಿಜ. ನಮ್ಮ ಅತ್ತೆಯ ವಸಡಿನಲ್ಲಿ ರಕ್ತ, ಕೆಳಗಿನ ಮುಂದಿನ ಹಲ್ಲುಗಳು ಅಲ್ಲಾಡುತ್ತಿದ್ದವು. ಖಡಕ್ ಜೋಳದ ರೊಟ್ಟಿಯನ್ನು ಕರಕರ ಎಂದು ಕಡಿದು ತಿನ್ನುತ್ತಿದ್ದ ಹೆಂಗಸು ಈಗ ಅದನ್ನು ಬೇಳೆ ಸಾರಿನಲ್ಲಿ ನೆನೆಹಾಕಿ ನುಂಗುತ್ತಿದ್ದರು. ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ಕೂತ ಕೊಳೆಯ ಕಲ್ಲು ತೆಗೆದು, ಸಂದಿ ಸ್ವಚ್ಛ ಇಟ್ಟುಕೊಂಡರೆ ಆ ಹಲ್ಲು ಉಳಿಯುತ್ತವೆ; ಬಿಟ್ಟರೆ ಉದುರುತ್ತವೆ. ಆದರೆ ಅತ್ತೆ ನನ್ನ ಮುಂದೆ ಬಾಯಿ ತೆರೆಯಲು ಸುತರಾಂ ಒಪ್ಪರು.

"ಸೊಸಿ ಕೈಲೆ ಎಂಜಲ ಬಳಿಸಿದ ಪಾಪ ನನಗ ಬ್ಯಾಡವ್ವ" ಎನ್ನುತ್ತಿದ್ದರು.

"ಊರ ಮಂದಿ ಎಂಜಲೆಲ್ಲಾ ಮುಟ್ಟತೀನಲ್ರಿ ಅತ್ತಿ?"

"ಅದು ನಿನ್ನ ನೌಕರಿ. ಇದು ಮನಿ."

ಬೇರೆ ಡಾಕ್ಟರ ಹತ್ತಿರ ಹೋಗಿ ಎಂದರೆ ಅದಕ್ಕೂ ಉತ್ತರ ಸಿದ್ಧ. "ಮನಿಯಾಗ ಸೊಸಿ ಡಾಕ್ಟರಿದ್ದು ಹೊರಗ ಹೋದ್ರ ಮಂದಿ ಏನಂತಾರ?" ಹೀಗೆ ಆ ಹಲ್ಲುಗಳು ಮನೆಗೂ ಊರಿಗೂ ನಡುವೆ ಸಿಕ್ಕಿಕೊಂಡು ಅಲ್ಲಾಡುತ್ತಲೇ ಇದ್ದವು.

ಗಟ್ಟಿ ಮಾಲು

ಹತ್ತಿ ಮಾರುಕಟ್ಟೆಯ ದಲಾಲಿಯೊಬ್ಬರು ಬಂದಿದ್ದರು. ಊಟವಾದ ಮೇಲೆ ಬೆಂಕಿಕಡ್ಡಿಯಿಂದ ಹಲ್ಲು ಕೆದಕಿ ಕೆದಕಿ ವಸಡನ್ನು ಹುಣ್ಣು ಮಾಡಿಕೊಂಡಿದ್ದರು. ಕಡ್ಡಿ ಬಿಡಿಸಿ, ಹಲ್ಲಿನ ಸಂದಿಗೆ ಹಾಕುವ ದಾರದ ಡಬ್ಬಿ ಕೊಟ್ಟೆ. ಕನ್ನಡಿ ಹಿಡಿದು, ಎರಡು ಕೈಯ ಬೆರಳಿಗೆ ದಾರ ಸುತ್ತಿ, ವಸಡಿಗೆ ಗಾಯವಾಗದಂತೆ ಮೆಲ್ಲಗೆ ಆಡಿಸುವುದನ್ನು ತೋರಿಸಿದೆ. ಅವರ ಕಣ್ಣು ಕನ್ನಡಿಯ ಮೇಲಿರಲಿಲ್ಲ, ದಾರದ ಮೇಲಿತ್ತು. ಹತ್ತಿಯ ಎಳೆ ಪರೀಕ್ಷೆ ಮಾಡುವ ಹಾಗೆ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆದರು, ಹೊಸೆದರು, ಬೆಳಕಿಗೆ ಹಿಡಿದರು.

"ಇದು ನಮ್ಮ ಕಡೆ ಮಾಲಲ್ಲ" ಎಂದು ತೀರ್ಪು ಕೊಟ್ಟರು.

ಕೆಲವು ದಿನ ಬಿಟ್ಟು ಬಂದಾಗ ವಸಡು ಹಾಗೇ ಊದಿತ್ತು.

"ದಾರ ಉಪಯೋಗಿಸಿದ್ರೇನ್ರಿ?"

"ಡಬ್ಬಿ ಖಾಲಿ ಆತು ಮೇಡಂ! ಇನ್ನೊಂದು ಕೊಡ್ರಿ."

ನನಗೆ ಆಶ್ಚರ್ಯ. "ಮತ್ತ ವಸಡು ಯಾಕ ಹಿಂಗೈತಿ?"

"ವಸಡಿಂದು ನನಗ ಗೊತ್ತಿಲ್ಲ. ಹತ್ತಿ ಸ್ಯಾಂಪಲ್ ಗಂಟು ಎಲ್ಲಾ ಅದರಾಗೇ ಕಟ್ಟೀನಿ. ಒಂದರ ಬಿಚ್ಚಿದ್ರ ಕೇಳ್ರಿ!"

ಯಾವ ಪಿನ್ನು ಎಲ್ಲಿಗೆ

ದೇವನಕೊಂಡದ ಕಡೆ ಒಂದು ಹಳ್ಳಿಯಲ್ಲಿ ಉಚಿತ ತಪಾಸಣೆ ಇತ್ತು. ಹಳ್ಳಿಗೆ ಸೀರೆಯುಟ್ಟು ಹೋದರೆ ಮಂದಿ ಮಾತು ಕೇಳುತ್ತಾರೆ ಎಂದು ಅತ್ತೆ ಹೇಳಿದ್ದರಿಂದ ಸೀರೆಯುಟ್ಟೇ ಹೋಗಿದ್ದೆ. ಶಾಲೆಯ ವರಾಂಡದಲ್ಲಿ ಹೆಂಗಸರೆಲ್ಲ ಕೂತಿದ್ದರು. ಪ್ರತಿಯೊಬ್ಬರ ಬಳೆಯಲ್ಲೂ ಪಿನ್ನಿನ ಗೊಂಚಲು. ಯಾರನ್ನು ಕೇಳಿದರೂ ಹಲ್ಲಿನ ಸಂದಿಗೆ ಅದೇ ಪಿನ್ನು.

ಮುಂದೆ ಕೂತಿದ್ದ ಅಜ್ಜಿಯನ್ನು ಕೇಳಿದೆ. "ಅವ್ವಾ, ಈ ಪಿನ್ನು ಮತ್ತ್ಯಾವುದಕ್ಕ ಬಳಸ್ತೀರಿ?"

"ಕಾಲಾಗ ಮುಳ್ಳು ಚುಚ್ಚಿದ್ರ ತೆಗಿಯಾಕ."

"ಅದನ್ನೇ ಬಾಯಾಗ ಹಾಕ್ತೀರಾ?"

ಅಜ್ಜಿಗೆ ಸಿಟ್ಟು ಬಂತು. "ಅಯ್ಯ, ನಾವೇನು ಅಷ್ಟೂ ತಿಳೀದವರಾ? ಕಾಲಿಂದು ಬ್ಯಾರೆ, ಹಲ್ಲಿಂದು ಬ್ಯಾರೆ."

"ಎಲ್ಲಾ ಒಂದೇ ನಮೂನಿ ಅದಾವಲ್ಲ, ಹ್ಯಾಂಗ ಗೊತ್ತಾಗತೈತಿ?"

"ಬಾಯಾಗ ಹಾಕಿದ್ರ ಗೊತ್ತಾಗತೈತಿ."

ನಾನು ತಲೆಯ ಮೇಲೆ ಕೈ ಹೊತ್ತುಕೊಳ್ಳುವುದೊಂದು ಬಾಕಿ. ಪಿನ್ನು ವಸಡಿಗೆ ಚುಚ್ಚಿದರೆ ಕೀವು ಆಗುತ್ತದೆ, ತುಕ್ಕು ಹಿಡಿದದ್ದಾದರೆ ಇನ್ನೂ ಕೇಡು, ಇವತ್ತಿನಿಂದ ಯಾರೂ ಪಿನ್ನನ್ನು ಬಾಯಿಗೆ ತರಬಾರದು ಎಂದು ದೊಡ್ಡ ಭಾಷಣವನ್ನೇ ಮಾಡಿದೆ. ಎಲ್ಲರೂ ತಲೆ ಆಡಿಸಿದರು. ಭಾಷಣದ ಭರದಲ್ಲಿ ಕೈ ಬೀಸಿದ ರಭಸಕ್ಕೆ ನನ್ನ ಸೆರಗಿನ ಪಿನ್ನು ಕಿತ್ತುಹೋಗಿ ಎಲ್ಲಿ ಬಿತ್ತೋ ಸಿಗಲಿಲ್ಲ. ಸೆರಗು ಹಿಡಿದುಕೊಂಡು ಪೇಚಾಡುತ್ತಿದ್ದಾಗ ಅದೇ ಅಜ್ಜಿ ಎದ್ದು ಬಂದರು. ಬಳೆಯಿಂದ ಒಂದು ಪಿನ್ನು ಬಿಚ್ಚಿ, ನನ್ನ ಹೆಗಲಿಗೆ ಪ್ರೀತಿಯಿಂದ ಚುಚ್ಚಿ ಹೇಳಿದರು.

"ಇದು ಹಲ್ಲಿಂದವ್ವ. ಹೆಂಗೂ ಇನ್ನ ನನಗ ಬ್ಯಾಡಲ್ಲ, ನೀನೇ ಇಟ್ಕೊ."

ರಜೆಯಲ್ಲಿರುವ ಹಲ್ಲು

ಹಾಲಹರವಿ ಕಡೆಯ ಬಸ್ಸಿನ ಕಂಡಕ್ಟರ್ ಒಬ್ಬರಿದ್ದಾರೆ. ಮಾತು ತೆಲುಗಿನಲ್ಲಿ ಹತ್ತಿ ಕನ್ನಡದಲ್ಲಿ ಇಳಿಯುತ್ತದೆ. ಅವರ ಬಾಯಿ ನೋಡಿದೆ. ಬಲಗಡೆ ಪಳಪಳ, ಎಡಗಡೆ ಮಾತ್ರ ಕೆಂಪಗೆ ಊದಿ, ಹಲ್ಲಿನ ಬುಡದಲ್ಲಿ ಪಾಚಿ ಗಟ್ಟಿಯಾಗಿತ್ತು.

"ಈ ಕಡೆ ಬ್ರಶ್ ಮುಟ್ಟಿಸಂಗೇ ಇಲ್ಲೇನ್ರಿ?"

"ಲೇದು ಮೇಡಂ. ಒಂದಿನ ಉಜ್ಜಿದಾಗ ರಕ್ತ ಬಂತು. ಗಾಯ ಆಗೈತಿ, ಮುಟ್ಟಬಾರದು ಅಂತ ಆ ಸೈಡಿಗೆ ಲೀವು ಕೊಟ್ಟೀನಿ."

ಇದು ಇವರೊಬ್ಬರ ಕಥೆಯಲ್ಲ. ರಕ್ತ ಬಂದರೆ ಎಲ್ಲರೂ ಅದನ್ನೇ ಮಾಡುತ್ತಾರೆ. ಕೊಳೆ ಕೂತಿದ್ದಕ್ಕೇ ರಕ್ತ ಬರುವುದು, ಅಲ್ಲೇ ಹೆಚ್ಚು ನಿಗಾ ಇಟ್ಟು ಮೆತ್ತನೆ ಬ್ರಶ್ಶಿನಿಂದ ಉಜ್ಜಬೇಕು ಎಂದು ಬಿಡಿಸಿ ಹೇಳಿ, "ಲೀವು ಯಾವಾಗಿಂದ?" ಎಂದು ಕೇಳಿದೆ.

"ನನ್ನ ಮಗಳು ಹುಟ್ಟಿದಾಗಿಂದ."

ಪಕ್ಕದಲ್ಲಿ ನಿಂತಿದ್ದ ಮಗಳ ಹೆಗಲಲ್ಲಿ ಶಾಲೆಯ ಚೀಲವಿತ್ತು!

"ಇಷ್ಟು ಉದ್ದ ಲೀವು ಯಾವ ಡಿಪೋದಾಗ ಕೊಡ್ತಾರ್ರಿ?"

ಕಂಡಕ್ಟರು ಒಂಚೂರೂ ನಗಲಿಲ್ಲ. "ಮೆಡಿಕಲ್ ಲೀವು ಮೇಡಂ. ಡಾಕ್ಟರು ಫಿಟ್ ಅಂತ ಬರದು ಕೊಡೋತನಕ ಡ್ಯೂಟಿ ಹತ್ತಂಗಿಲ್ಲ."

ಪಾಳಿ

ಊರಿನ ಬಾಯಿಗಳೆಲ್ಲ ಹೀಗೆ ಒಂದೊಂದಾಗಿ ನನ್ನ ಮುಂದೆ ತೆರೆಯುತ್ತಿದ್ದರೂ ನಮ್ಮ ಮನೆಯ ಬಾಯಿ ಮಾತ್ರ ಬಿಗಿದೇ ಇತ್ತು. ಒಂದು ಬೆಳಿಗ್ಗೆ ಅತ್ತೆ ಹಟಕ್ಕೆ ಬಿದ್ದು ರೊಟ್ಟಿ ಕಚ್ಚಿದರು. ರೊಟ್ಟಿಯ ಅಂಚಿಗೆ ರಕ್ತ ಅಂಟಿತು. ಯಾರಿಗೂ ಕಾಣದಂತೆ ಅದನ್ನು ತಟ್ಟೆಯ ಕೆಳಗೆ ಸರಿಸಿ, ನೀರು ಕುಡಿದು ಎದ್ದರು. ನನಗೆ ಕಂಡಿತ್ತು. ಏನಾದರೂ ಅಂದರೆ ಜಗಳವಾಗುತ್ತದೆ ಎಂದು ಸುಮ್ಮನೆ ದವಾಖಾನೆಗೆ ಬಂದೆ. ಆದರೆ ಕೆಲಸದಲ್ಲಿ ಮನಸ್ಸಿರಲಿಲ್ಲ, ಬಂದವರ ಮೇಲೆಲ್ಲ ಸಿಡಿಮಿಡಿ.

ಮಧ್ಯಾಹ್ನದ ಹೊತ್ತಿಗೆ ನರ್ಸಮ್ಮ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಬಂದಳು.

"ಮೇಡಂ, ಹೊರಗ ನಿಮ್ಮ ಅತ್ತಿ ಕುಂತಾರ. ಒಳಗ ಬರ್ರಿ ಅಂದ್ರ, ಪಾಳಿ ಬರಲಿ ಅಂತಾರ."

ಬಾಗಿಲ ಸಂದಿಯಿಂದ ನೋಡಿದೆ. ಮದುವೆಗೆ ಉಡುವ ರೇಷ್ಮೆ ಸೀರೆ, ತಲೆಯ ತುಂಬ ಸೆರಗು, ತೊಡೆಯ ಮೇಲೆ ಚೀಲ. ಕೆನ್ನೆ ಊದಿಸಿಕೊಂಡ ಒಬ್ಬ ಗಂಡಸು ಮತ್ತು ಅವನ ಹೆಂಡತಿಯ ನಡುವೆ, ಯಾರನ್ನೂ ಅರಿಯದವರ ಹಾಗೆ ಅತ್ತೆ ನೆಟ್ಟಗೆ ಕೂತಿದ್ದರು.

ಪಾಳಿ ಬಂದಾಗ ಒಳಗೆ ಬಂದು ಕೈಮುಗಿದರು. "ನಮಸ್ಕಾರ್ರಿ ಡಾಕ್ಟರಮ್ಮ."

"ಅತ್ತಿ, ಏನ್ರಿ ಇದು..."

"ನಿಮ್ಮ ಅತ್ತಿ ಮನಿಯಾಗ ಅದಾಳ್ರಿ. ನಾ ಪೇಶಂಟು."

ಆಗ ನನಗೆ ಅರ್ಥವಾಯಿತು. ಮನೆಯಲ್ಲಾದರೆ ಸೊಸೆ, ಇಲ್ಲಾದರೆ ನೌಕರಿ. ಪಾಪವೂ ಇಲ್ಲ, ಹೊರಗೆ ಹೋದಳೆಂಬ ಮಾತೂ ಇಲ್ಲ. ಎಷ್ಟು ದಿನದಿಂದ ಈ ದಾರಿ ಹುಡುಕುತ್ತಿದ್ದರೋ ಏನೋ. ನಾನೂ ಬಾಯಿ ಮುಚ್ಚಿಕೊಂಡು ಡಾಕ್ಟರಾದೆ.

"ಬರ್ರಿ ಅವ್ವಾ, ಕುರ್ಚಿ ಮ್ಯಾಲ ಒರಗ್ರಿ. ಏನು ತ್ರಾಸು?"

ಮೊದಲಿಂದ ಕೊನೆವರೆಗೆ ಹೇಳಿದರು. ಮನೆಯಲ್ಲಿ ಬಚ್ಚಿಟ್ಟಿದ್ದ ನೋವನ್ನೆಲ್ಲ ಹೇಳಿದರು. ಬಾಯಿ ತೆರೆದರು. ಕಲ್ಲು ತೆಗೆಯುವಾಗ ನೋವಾದರೆ ಕೈ ಎತ್ತಿ ಎಂದೆ. ಎತ್ತಲಿಲ್ಲ. ನನ್ನ ಏಪ್ರನ್ನಿನ ತುದಿಯನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದಿದ್ದರು. ಇನ್ನೊಂದೆರಡು ಸಲ ಬಂದು ಹೇಳಿದ ಹಾಗೆ ನೋಡಿಕೊಂಡರೆ ಹಲ್ಲು ಉಳಿಯುತ್ತವೆ ಎಂದಾಗ ಅವರ ಕಣ್ಣು ತುಂಬಿತು, ನನ್ನದೂ.

ಸಂದಿಗೆ ಹಾಕುವ ಸಣ್ಣ ಬ್ರಶ್ಶು ಹಿಡಿಯುವುದು ಹೇಗೆ, ವಸಡನ್ನು ಬೆರಳಿಂದ ತಿಕ್ಕುವುದು ಹೇಗೆ, ಉಪ್ಪುನೀರು ಮುಕ್ಕಳಿಸುವುದು ಯಾವಾಗ, ಎಲ್ಲ ಹೇಳಿದೆ. ಮದುವೆಯಾಗಿ ಬಂದಾಗಿನಿಂದ ಮನೆಯಲ್ಲಿ ಅವರಿಗೆ ಹೇಳುತ್ತ ಬಂದ ಮಾತುಗಳೇ, ಒಂದಕ್ಷರ ಬೇರೆಯಿಲ್ಲ. ಪ್ರತಿಯೊಂದಕ್ಕೂ "ಹೂಂ ಡಾಕ್ಟರಮ್ಮ, ಹೂಂ ಡಾಕ್ಟರಮ್ಮ" ಎಂದು ತಲೆದೂಗಿ, ಕೈಮುಗಿದು ಹೋದರು.

ಸಂಜೆ ಮನೆಗೆ ಬಂದರೆ ಅಡುಗೆಮನೆಯಲ್ಲಿ ಹಳೇ ಸೀರೆಯಲ್ಲಿ ಬೇಳೆ ಆರಿಸುತ್ತ ಕೂತಿದ್ದರು. ನನ್ನನ್ನು ಆ ದಿನ ಮೊದಲ ಸಲ ನೋಡಿದವರ ಹಾಗೆ, "ಬಂದೇನವ್ವ" ಎಂದರು. ಚಹಾ ಕೊಟ್ಟರು. ಆಮೇಲೆ ಮೆಲ್ಲಗೆ ಶುರುಮಾಡಿದರು.

"ಇವತ್ತ ಹಲ್ಲಿನ ದವಾಖಾನಿಗೆ ಹೋಗಿದ್ದೆ."

"ಹೌದೇನ್ರಿ ಅತ್ತಿ? ಡಾಕ್ಟರು ಹ್ಯಾಂಗದಾರ?"

"ಭಾಳ ಚಲೋ ಹುಡುಗಿ. ಕೈ ಎಷ್ಟು ಹಗುರ ಅಂತಿ! ಎಲ್ಲಾ ತಿಳಿಯಂಗ ಸಮಾಧಾನದಿಂದ ಹೇಳಿದ್ಲು."

ನಾನು ಚಹಾದ ಲೋಟದೊಳಗೆ ಮುಖ ಮುಚ್ಚಿಕೊಂಡೆ. ಅತ್ತೆ ನನ್ನ ಕಡೆ ತಿರುಗಿ, ನನಗೆ ಬೇಜಾರಾಗಬಾರದೆಂದು ದನಿ ತಗ್ಗಿಸಿದರು.

"ನೀ ತಪ್ಪು ತಿಳೀಬ್ಯಾಡವ್ವ. ಇಷ್ಟು ವರ್ಷ ನೀನೂ ಹೇಳಿದಿ, ನಿನ್ನ ಮಾತು ಒಂದೂ ನನಗ ತಿಳಿಲಿಲ್ಲ. ಬಿಡುವಾದಾಗ ಒಂದೀಟು ಆಕಿ ಹತ್ರ ಹೋಗಿ ಕೆಲಸ ಕಲ್ತು ಬಾ."