ಕೈಕೊಟ್ಟ ಕೈ

ದಫ್ತರಿ: ಹೊಳೆ ನುಗ್ಗಿದಾಗ ನಮ್ಮ ಮುತ್ತಜ್ಜ ಕಡತದ ಗಂಟು ತಲೆ ಮೇಲೆ ಹೊತ್ತು, ಎರಡು ದಿನ ಕತ್ತಿನ ಮಟ್ಟ ನೀರಲ್ಲಿ ನಿಂತಿದ್ದ. ಬೆಂಕಿ ಬಿದ್ದಾಗ ನಮ್ಮಜ್ಜ ಮೊದಲು ಕಡತ ಹೊರಗೆ ತಂದ, ಆಮೇಲೆ ಸಾಹೇಬರನ್ನ. ನಮ್ಮಪ್ಪ ಹನ್ನೊಂದು ವರ್ಷ ಗೆದ್ದಲಿನ ಜೊತೆ ಹೋರಾಡಿ ಗೆದ್ದ. ಅಂಥವರ ವಂಶದೋನು ಬೀಗದ ಕೈ ಯಾರಿಗೆ ಒಪ್ಪಿಸಬೇಕು?

ಎಂಜಿನಿಯರಮ್ಮ: ಈ ಕೈಗೆ, ತಾತ.

ದಾಖಲೆ ಕೋಣೆಯ ತುಂಬ ಈಗ ಒಂದೇ ಗಾಜಿನ ಬೀರು. ಅದರೊಳಗೆ ಸಾವಿರಾರು ಗೂಡು, ಗೂಡಿಗೊಂದು ಹೊಳೆಯುವ ತಟ್ಟೆ, ತಟ್ಟೆಗೊಂದು ಕಡತ. ಕಂಪ್ಯೂಟರಿನಲ್ಲಿ ಕೇಳಿದ ತಟ್ಟೆಯನ್ನು ಒಂದು ಕಬ್ಬಿಣದ ಕೈ ತೆಗೆದು ಓದುವ ಪೆಟ್ಟಿಗೆಗೆ ಇಡುತ್ತದೆ. ಇವತ್ತು ಸಾಹೇಬರೆದುರು ಪರೀಕ್ಷೆ. ಕೈ ಗೆದ್ದರೆ ಕಡತ ಕಾಯುವ ದಫ್ತರಿ ಸಂಜೆಗೇ ಮನೆಗೆ.

ದಫ್ತರಿ: ತಟ್ಟೆ ಮೇಲೆ ಯಾವ ಶಾಯಿ?

ಎಂಜಿನಿಯರಮ್ಮ: ಶಾಯಿ ಇಲ್ಲ. ಬೆಳಕಿನಿಂದ ಸುಟ್ಟು ಬರೆಯೋದು. ಅಳಿಸೋಕೇ ಆಗಲ್ಲ.

ದಫ್ತರಿ: ಸುಟ್ಟರೆ ಅದು ಬರೆಯೋದಲ್ಲ ತಾಯಿ, ಬರೆ ಹಾಕೋದು!

ಆಕೆ ನಕ್ಕು, ಸಾಹೇಬರು ಬರುವ ಮೊದಲು ಒಮ್ಮೆ ನೋಡಿಬಿಡೋಣವೆಂದು, ಅಣ್ಣ ತಮ್ಮಂದಿರ ಮನೆ ವ್ಯಾಜ್ಯದಲ್ಲಿ ಅಣ್ಣನ ಪತ್ರ ಕೇಳಿದಳು. ಕೈ ಹನ್ನೆರಡನೇ ಗೂಡಿನ ತಟ್ಟೆ ತಂದಿತು. ಪರದೆಯ ಮೇಲೆ ಕೋಳಿ ಅಂಗಡಿಯ ಪರವಾನಗಿ. ತಮ್ಮನ ಪತ್ರ ಕೇಳಿದಳು. ಚರಂಡಿಯ ನಕ್ಷೆ.

ಎಂಜಿನಿಯರಮ್ಮ: ಅಯ್ಯೋ, ಕೈ ಕೈಕೊಡ್ತು!

ದಫ್ತರಿ: ಕೈ ಕೈಕೊಡದೆ ಕಾಲು ಕೊಡುತ್ತಾ?

ಎಂಜಿನಿಯರಮ್ಮ: ಯಾರೋ ತಟ್ಟೆ ಅದಲುಬದಲು ಮಾಡಿದಾರೆ.

ದಫ್ತರಿ: ಯಾರೋ ಯಾಕೆ, ನಾನೇ. ಕೋರ್ಟಲ್ಲಿ ಹೊಡೆದಾಡೋ ಅಣ್ಣ ತಮ್ಮಂದಿರನ್ನ ಹನ್ನೆರಡು, ಹದಿಮೂರು ಅಂತ ಅಕ್ಕಪಕ್ಕ ಕೂರಿಸಿದೀಯಲ್ಲ! ವೈರಿಗಳ ಕಡತ ಒತ್ತಾಗಿ ಇಡೋದು ನಮ್ಮ ವಂಶದಲ್ಲೇ ಇಲ್ಲ. ಬೆಳಿಗ್ಗೆ ಬಂದು ಬಿಡಿಸಿದೆ.

ಎಂಜಿನಿಯರಮ್ಮ: ಇವರಿಬ್ಬರನ್ನ ಮಾತ್ರ ತಾನೇ?

ದಫ್ತರಿ: ಊರಲ್ಲಿ ಇವರಿಬ್ಬರದೇ ಜಗಳವಾ? ಅತ್ತೆ ಸೊಸೆಯರೆಲ್ಲ ಮೂಲೆಗೊಬ್ಬರು.

ಎಂಜಿನಿಯರಮ್ಮ: ಯಾವುದು ಎಲ್ಲಿದೆ ಅಂತ ಪಟ್ಟಿಯಾದರೂ ಇದೆಯಾ?

ದಫ್ತರಿ ತನ್ನ ತಲೆ ತಟ್ಟಿ ತೋರಿಸಿದ. ಮೆಟ್ಟಿಲ ಮೇಲೆ ಸಾಹೇಬರ ಬೂಟಿನ ಸದ್ದು. ಆಕೆಯ ಕಣ್ಣಲ್ಲಿ ನೀರಾಡಿದ್ದು ಕಂಡು ಮುದುಕ ಬೀರುವಿನೊಳಗೆ ನುಸುಳಿದ. ಬಾಗಿಲು ತಾನಾಗಿ ಬೀಗ ಹಾಕಿಕೊಂಡಿತು. ಕಬ್ಬಿಣದ ಕೈ ಬಂದು, ಅವನ ಮೂಗಿನ ಮೇಲಿದ್ದ ದುಂಡು ಕನ್ನಡಕವನ್ನೇ ತಟ್ಟೆಯೆಂದು ಎತ್ತಿ ಓದುವ ಪೆಟ್ಟಿಗೆಗೆ ಇಟ್ಟಿತು.

ಎಂಜಿನಿಯರಮ್ಮ: 'ಓದಲಾಗುತ್ತಿಲ್ಲ' ಅಂತಿದೆ, ತಾತ!

ದಫ್ತರಿ: ನಲವತ್ತು ವರ್ಷ ಊರಿನ ಪತ್ರವೆಲ್ಲ ಓದಿದ್ದೇ ಆ ಕನ್ನಡಕ. ಅದನ್ನೇ ಓದೋಕೆ ಬರಲ್ವಂತಾ?

ಕನ್ನಡಕ ಕಿತ್ತುಕೊಂಡು, ಗೂಡುಗಳ ಹಿಂದೆ ಬಗ್ಗಿ, ಸರಿಯಾದ ತಟ್ಟೆ ಹುಡುಕಿ ಕೈ ಚಾಚಿ ಪೆಟ್ಟಿಗೆಗಿಟ್ಟ. ಪರದೆಯ ಮೇಲೆ ಅಣ್ಣನ ಪತ್ರ ಮೂಡುವುದಕ್ಕೂ ಸಾಹೇಬರು ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. ಗಾಜಿನಾಚೆ ಅವರಿಗೆ ಕಂಡದ್ದು ಬರೀ ಕೈ.

ಸಾಹೇಬರು: ಭೇಷ್! ಉಗುರು ಕೂಡ ಇಟ್ಟಿದಾರಲ್ಲ! ಈ ಕೈ ಇಲ್ಲೇ ಇರಲಿ. ದಫ್ತರಿನ ಇವತ್ತೇ ಕಳಿಸಿಬಿಡಿ.

ಅವರು ಹೊರಟುಹೋದರು.

ಎಂಜಿನಿಯರಮ್ಮ: ಇರಿ ತಾತ, ಬಾಗಿಲು ತೆಗೀತೀನಿ. ನನ್ನ ಕೈ ಹಿಡ್ಕೊಂಡು ಬನ್ನಿ.

ದಫ್ತರಿ: ಬಾಗಿಲು ಮುಟ್ಟೀಯ, ಜೋಕೆ! ಹೊರಗೆ ಬಂದರೆ ನಾನು ದಫ್ತರಿ, ಒಳಗಿದ್ದರೆ ಯಂತ್ರ. ಬೇಡ ತಾಯಿ, ನಿನ್ನ ಕೈ ಬೇಡ. ಇಲ್ಲಿ ಆಗಲೇ ಒಂದು ಹೆಚ್ಚಾಗಿದೆ.