ತಬಕಿನ ಅಂಚು

ಕೆಲಸವನ್ನು ಅರ್ಧಕ್ಕೆ ಬಿಡುವವನು ಎಂದು ಮನೆಯಲ್ಲಿ ಒಮ್ಮೆ ಹೆಸರಾಯಿತೆಂದರೆ ಮುಗಿಯಿತು. ಆಮೇಲೆ ಆ ಮನುಷ್ಯ ಏನನ್ನು ಪೂರ್ತಿ ಮಾಡಿದರೂ ಯಾರೂ ನಂಬುವುದಿಲ್ಲ. ನನ್ನದು ಅದೇ ಗತಿ. ನಾನು ಮಾಡಿದ ಸ್ಟೂಲು ಇವತ್ತಿಗೂ ಮೂರು ಕಾಲು ಮತ್ತು ಒಂದಿಷ್ಟು ಇಟ್ಟಿಗೆಯ ಮೇಲೆ ನಿಂತಿದೆ. ಗೋಡೆಯ ಕಪಾಟಿಗೆ ಬಾಗಿಲಿಲ್ಲ. ಹೆಂಡತಿ ಹಳೆಯ ಸೀರೆ ಇಳಿಬಿಟ್ಟು ಅದರ ಮಾನ ಕಾಪಾಡಿದ್ದಾಳೆ. ಹೀಗಿರುವಾಗ ಸುಲೇಪೇಟದಲ್ಲಿರುವ ನನ್ನ ತಂಗಿಯ ಮಗಳಿಗೆ ಗಂಡು ಗೊತ್ತಾಗಿ, ಮದುವೆ ನಿಶ್ಚಯದ ಸಕ್ಕರೆಪುಡಿ ಶಾಸ್ತ್ರಕ್ಕೆ ದಿನ ಇಟ್ಟರು. ಬೀಗರ ಮುಂದೆ ಸಕ್ಕರೆ, ಕೊಬ್ಬರಿ ಇಟ್ಟ ತಬಕು ಹಿಡಿದು ನಿಲ್ಲಬೇಕಾದವನು ಸೋದರಮಾವ, ಅಂದರೆ ನಾನು. "ತಬಕ ನಾನೇ ಕಟ್ಟಿಗೀಲೆ ಮಾಡಿ ತರ್ತೀನವ್ವಾ" ಎಂದುಬಿಟ್ಟೆ. ಫೋನಿನ ಆ ಕಡೆಯಿಂದ ತಂಗಿ, "ಆಯ್ತಣ್ಣಾ. ಯಾವದಕ್ಕೂ ಇರ್ಲಿ ಅಂತ ಸ್ಟೀಲಿಂದೊಂದು ತಂದಿಟ್ಟಿರ್ತೀನಿ" ಎಂದಳು. ಆ ಸ್ಟೀಲಿನ ತಬಕು ಹೊರಗೆ ಬರದಂತೆ ನೋಡಿಕೊಳ್ಳುವುದೇ ನನ್ನ ಜೀವನದ ಗುರಿಯಾಯಿತು.

ಹಿತ್ತಲಿನ ಶೆಡ್ಡಿನಲ್ಲಿ ನನ್ನದೊಂದು ಸಣ್ಣ ಲೇಥ್ ಇದೆ. ಮರದ ತುಂಡು ತಾನೇ ಗಿರಗಿರ ತಿರುಗುತ್ತದೆ, ನಾವು ಉಳಿ ಹಿಡಿದು ನಿಂತರೆ ಸಾಕು ಎಂದು ಮೊಬೈಲಿನಲ್ಲಿ ನೋಡಿದವರಿಗೆ ಅನಿಸುತ್ತದೆ. ನನ್ನ ಮೊದಲ ತುಂಡು ಹಾರಿಹೋಗಿ ಪಕ್ಕದ ಮನೆಯವರು ಒಣಹಾಕಿದ್ದ ಹಪ್ಪಳದ ಮೇಲೆ ಬಿತ್ತು. ಎರಡನೆಯದಕ್ಕೆ ತಳ ತೂತಾಯಿತು. ಮೂರನೆಯದು ಬದುಕಿತು. ಅದರ ನಡುಭಾಗ ಕೈ ಜಾರುವಷ್ಟು ನುಣುಪು. ಸುತ್ತಲಿನ ಅಗಲವಾದ ಅಂಚು ಮಾತ್ರ ಬೇಕೆಂದೇ ಒರಟು. ಉಳಿಯ ಮೊನೆಯಿಂದ ಒತ್ತೊತ್ತಾಗಿ ಗೆರೆ ಕೊರೆದು, ಹದವಾಗಿ ಸುಟ್ಟು ಕಪ್ಪಾಗಿಸಿದ್ದೆ. ಒರಟು ಪಕ್ಕದಲ್ಲಿದ್ದರೇ ನುಣುಪಿಗೆ ಶೋಭೆ ಅಲ್ಲವೇ? ಆ ಗೆರೆಗಳಿಗಾಗಿ ನನ್ನ ರಜೆಗಳೆಲ್ಲ ಹೋದವು, ಬೆನ್ನೂ ಹೋಯಿತು. ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಾಗ ನನಗೇ ಕಣ್ಣು ತುಂಬಿ ಬಂತು. ಹೆಂಡತಿ ಅಂಚಿನ ಮೇಲೆ ಬೆರಳಾಡಿಸಿ, "ಭಾಳ ಚಲೋ ಆಗ್ಯದ್ರಿ. ಉಳದದ್ದು ಯಾವಾಗ ಮಾಡ್ತೀರಿ?" ಎಂದಳು.

ಅವಳದೂ ತಪ್ಪಿಲ್ಲ. ಅವಳು ಶಹಾಬಾದದ ಮಗಳು. ತವರಿನವರದು ಕಲ್ಲು ಪಾಲಿಶ್ ಮಾಡುವ ಯಾರ್ಡು. ಆ ಮನೆಯಲ್ಲಿ ಒರಟು ಎಂದರೆ ಇನ್ನೂ ಮಷಿನ್ನಿನ ಸರದಿ ಬಾರದ ಕಲ್ಲು, ಅಷ್ಟೇ. ಒರಟು ನುಣುಪಿನ ಜೋಡಿಯ ಬಗ್ಗೆ ನಾನು ಉದ್ದಕ್ಕೆ ವಿವರಿಸಿದೆ. ಜ್ವರ ಬಂದವನ ಮಾತಿಗೆ ಹೂಂಗುಟ್ಟುವಂತೆ ಅವಳು ಹೂಂಗುಟ್ಟಿದಳು. ಶಾಸ್ತ್ರದ ಹಿಂದಿನ ದಿನ ನಾನು ಚಿತ್ತಾಪುರದ ಆಫೀಸಿನಿಂದ ಬರುವಷ್ಟರಲ್ಲಿ ಅವಳ ತಮ್ಮ ರೇವಣಸಿದ್ದ ಪಡಸಾಲೆಯಲ್ಲಿ ಕುಳಿತಿದ್ದ. ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ನನ್ನ ತಬಕು.

"ಮಾಮಾ, ಅಕ್ಕ ಭಾಳ ಚಿಂತಿ ಮಾಡಾಕತ್ತಿದ್ಲು. ಯಾರ್ಡಿನ್ಯಾಗ ನಾನೇ ಕೈಮಷಿನ್ ಹಿಡದು ಸುತ್ತಲಿನ ಒರಟೆಲ್ಲಾ ತೆಗದೀನಿ. ನೋಡ್ರಿ, ಹೆಂಗ ಹೊಳ್ಯಾಕತ್ತದ!"

ಅವನು ಟವೆಲ್ಲು ಬಿಚ್ಚಿದ. ಅಂಚಿನಲ್ಲಿ ನನ್ನ ಮುಖ ಕಾಣುತ್ತಿತ್ತು. ನೋಡುವಂತಿರಲಿಲ್ಲ. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ಮೆಲ್ಲಗೆ, "ನಾಲ್ಕ್ ಮಂದ್ಯಾಗ ನಿಮ್ಮನ್ನ ನೋಡಿ ಯಾರೂ ನಗಬಾರ್ದು ಅಂತ ನಾನೇ ಕೊಟ್ಟು ಕಳಿಸಿದ್ದೆ" ಎಂದಳು. ಇಂಥ ಮಾತಿಗೆ ಯಾರು ಏನೆಂದು ಬೈಯುತ್ತಾರೆ? ಶೆಡ್ಡಿಗೆ ಹೋಗಿ ಮರದ ಹೊಟ್ಟಿನ ನಡುವೆ ಕುಳಿತು ಮನಸಾರೆ ದುಃಖಪಟ್ಟೆ.

ಮರುದಿನ ಸುಲೇಪೇಟದಲ್ಲಿ ಬೀಗರು ಸಕ್ಕರೆಯನ್ನು ಬಿಟ್ಟು ತಬಕನ್ನೇ ನೋಡಿದರು. ಇದು ಸೋದರಮಾವನ ಕೈಕೆಲಸ ಎಂದು ರೇವಣಸಿದ್ದನೇ ಎಲ್ಲರಿಗೂ ಕೇಳುವಂತೆ ಹೇಳಿದ. ತನ್ನ ಮಷಿನ್ನಿನ ಸುದ್ದಿ ಎತ್ತಲಿಲ್ಲ. "ಭಾಳ ದಿನಾ ಹಿಡದಿರಬೇಕಲ್ರಿ?" ಎಂದು ಬೀಗರು ಕೇಳಿದರು.

ಇಷ್ಟು ನಿಜವನ್ನಾದರೂ ಹೇಳೋಣವೆನಿಸಿತು. "ಅಂಚಿಗೇ ಭಾಳ ದಿನಾ ಹಿಡೀತ್ರಿ" ಎಂದೆ.

ಅವರು ಅಂಚಿನ ಸುತ್ತ ಕೈಯಾಡಿಸಿದರು. "ಅದಕ್ಕೇ ನೋಡ್ರಿ, ಹುಡುಕಿದ್ರೂ ಒಂದ್ ಗೆರಿ ಸಿಗವಲ್ದು!" ಎಂದರು. ತಬಕು ಹಿಡಿದಿದ್ದರಿಂದ ನನಗೆ ಕೈ ಮುಗಿಯಲಾಗಲಿಲ್ಲ. ತಲೆಬಾಗಿ ಆ ಹೊಗಳಿಕೆಯನ್ನು ಒಪ್ಪಿಕೊಂಡೆ.